ಹೆಸರು ಬರೆಯುವ ಕೈ ಯಾರದು?

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ದಾಖಲಾತಿ ಪುಸ್ತಕದಲ್ಲಿ ಒಂದು ಸಲ ಬರೆದ ಹೆಸರು ಟೀಸಿಗೆ ಹೋಗುತ್ತದೆ, ಅಂಕಪಟ್ಟಿಗೆ ಹೋಗುತ್ತದೆ, ಕೊನೆಗೆ ಪಿಂಚಣಿ ಕಾಗದಕ್ಕೂ ಹೋಗುತ್ತದೆ. ಅವ್ವ ಕರೆದದ್ದು ಒಂದು, ಪುಸ್ತಕದಲ್ಲಿ ಬಿದ್ದದ್ದು ಇನ್ನೊಂದು. ನಮ್ಮಲ್ಲಿ ಎಷ್ಟೋ ಜನರ ಹುಟ್ಟಿದ ದಿನ ಜೂನ್ ಒಂದನೇ ತಾರೀಖು ಅಂತ ಆಗಿದ್ದು ಹೇಗೆ? ಶಾಲೆಗೆ ಸೇರಿಸೋ ದಿನ ಯಾರೋ ಬೆರಳೆಣಿಸಿ ಬರೆದರು, ಅಷ್ಟೇ. ಆಮೇಲೆ ತಿದ್ದಿಸಬೇಕು ಅಂದರೆ ಅಫಿಡವಿಟ್ಟು, ಗೆಜೆಟ್ಟು, ಕಚೇರಿ ಅಂತ ಚಪ್ಪಲಿ ಸವೆಸಬೇಕು. ನನ್ನ ಹೆಸರು ತಿದ್ದೋದಕ್ಕೆ ನಾನು ಇನ್ನೊಬ್ಬನ ಮೇಜಿನ ಮುಂದೆ ಕೈಕಟ್ಟಿ ನಿಲ್ಲಬೇಕು.

ಇದೇ ಜಗಳ ಕಂಪ್ಯೂಟರ್ ಲೋಕದಲ್ಲೂ ನಲವತ್ತು ವರ್ಷಗಳಿಂದ ನಡೆದುಕೊಂಡು ಬಂದಿದೆ. ಅದರ ಚರಿತ್ರೆಯನ್ನು ನಾವು ತಿಳಿದಿರಬೇಕು. ಯಾಕೆಂದರೆ ಇವತ್ತು ನಮ್ಮ ಹಟ್ಟಿಯ ಹುಡುಗ ಹುಡುಗಿಯರೂ ಆ ಕೆಲಸಕ್ಕೆ ಕೈ ಹಾಕಿದ್ದಾರೆ.

ಆ ಲೋಕದಲ್ಲಿ ಓಪನ್ ಸೋರ್ಸ್ ಅನ್ನೋ ಒಂದು ಪದ್ಧತಿ ಇದೆ. ತಂತ್ರಾಂಶದ ಮೂಲ ಬರಹವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿಯದೆ ಬಯಲಿಗೆ ಇಡುವುದು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಇದನ್ನು ಕಟ್ಟಿದವರಲ್ಲಿ ಸಂಬಳ ಪಡೆದವರೂ ಇದ್ದಾರೆ, ಸಂಬಳವಿಲ್ಲದೆ ರಾತ್ರಿ ನಿದ್ದೆಗೆಟ್ಟು ಬರೆದವರೂ ಇದ್ದಾರೆ. ಸಂಬಳವಿಲ್ಲದೆ ದುಡಿದವನಿಗೆ ಸಿಗುವ ಕೂಲಿ ಯಾವುದು? ಅವನ ಹೆಸರು. ‘ಈ ಕೆಲಸ ಇವನು ಮಾಡಿದ’ ಎಂಬ ಒಂದು ಸಾಲು. ನಾಳೆ ಕೆಲಸ ಕೇಳಿಕೊಂಡು ಹೋದಾಗ ಅವನು ತೋರಿಸುವುದು ಆ ಸಾಲನ್ನೇ. ಹಾಗಾಗಿ ಇಲ್ಲಿ ಹೆಸರಿನ ಪ್ರಶ್ನೆಯೆಂದರೆ ಕೂಲಿಯ ಪ್ರಶ್ನೆ, ಮರ್ಯಾದೆಯ ಪ್ರಶ್ನೆ.

1983ರ ಸೆಪ್ಟೆಂಬರಿನಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ‘ಗ್ನೂ’ ಯೋಜನೆಯನ್ನು ಘೋಷಿಸಿದ. ಯಾರ ಅಪ್ಪಣೆಯೂ ಬೇಡದ, ಎಲ್ಲರಿಗೂ ಸೇರಿದ ತಂತ್ರಾಂಶ ಕಟ್ಟುತ್ತೇವೆ ಎಂದ. ಆ ಯೋಜನೆಯಲ್ಲಿ ‘ಚೇಂಜ್‌ಲಾಗ್’ ಎಂಬ ಒಂದು ಕಡತ ಇಡುವ ರೂಢಿ ಬೆಳೆಯಿತು. ಯಾವ ದಿನ, ಯಾರು, ಏನು ತಿದ್ದಿದರು ಎಂದು ಸಾಲುಸಾಲಾಗಿ ಬರೆಯುವುದು. ಹೆಸರಿನ ಪಕ್ಕದಲ್ಲಿ ಇ-ಮೇಲ್ ವಿಳಾಸ. ಆವಾಗ ಅದು ನಾಲ್ಕಾರು ಮಂದಿಯ ಮನೆವಾರ್ತೆಯ ಹಾಗಿತ್ತು. ಒಬ್ಬರಿಗೊಬ್ಬರು ಗೊತ್ತು. ಹೆಸರು ಬಯಲಿಗಿದ್ದರೆ ಏನು ಕೆಡುತ್ತದೆ ಅಂತ ಯಾರೂ ಕೇಳಲಿಲ್ಲ.

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ‘ಲಿನಕ್ಸ್’ ಶುರು ಮಾಡಿದ. ನಾಲ್ಕು ಜನ ನೂರಾದರು, ನೂರು ಸಾವಿರವಾಯಿತು. ಲಿನಕ್ಸಿನ ಮೂಲ ಬರಹದ ಜೊತೆಗೇ ‘ಕ್ರೆಡಿಟ್ಸ್’ ಎಂಬ ಒಂದು ಕಡತ ಇದೆ. ದುಡಿದವರ ಪಟ್ಟಿ ಅದು. ಪ್ರತಿಯೊಬ್ಬರಿಗೂ ಕೆಲವು ಸಾಲು: ಹೆಸರು, ಇ-ಮೇಲು, ಜಾಲದ ವಿಳಾಸ, ಮಾಡಿದ ಕೆಲಸ, ಕೊನೆಗೆ ಅಂಚೆ ವಿಳಾಸ. ಹೌದು, ಅಂಚೆ ವಿಳಾಸ! ಬೀದಿ, ಊರು, ದೇಶ ಎಲ್ಲ. ಕೃತಜ್ಞತೆಯಿಂದಲೇ ಮಾಡಿದ ಪಟ್ಟಿ ಅದು, ಅದರಲ್ಲಿ ಸಂಶಯವಿಲ್ಲ. ಆದರೆ ಒಂದು ಮಾತು ಗಮನಿಸಿ. ನನ್ನ ಮನೆ ಬದಲಾಯಿತು, ಆ ಸಾಲು ತಿದ್ದಬೇಕು ಅಂದರೆ ನಾನು ಒಂದು ತಿದ್ದುಪಡಿ ಬರೆದು ಕಳಿಸಬೇಕು, ಮೇಲಿನವರು ಅದನ್ನು ಒಪ್ಪಿ ಸೇರಿಸಬೇಕು. ಅಷ್ಟು ಹೊತ್ತಿಗೆ ಹಳೆಯ ಪಟ್ಟಿಯ ಪ್ರತಿಗಳು ದೇಶದೇಶಕ್ಕೆ ಹೋಗಿ ಕೂತಿರುತ್ತವೆ.

ಅದೇ ಹೊತ್ತಿಗೆ ಇನ್ನೊಂದು ದಾರಿಯೂ ಹುಟ್ಟಿತು. 1993ರಲ್ಲಿ ಇಯಾನ್ ಮುರ್ಡಾಕ್ ಶುರು ಮಾಡಿದ ‘ಡೆಬಿಯನ್’ ಬಳಗ ಬೆಳೆಯುತ್ತಾ ತನ್ನ ಸದಸ್ಯರ ವಿವರಕ್ಕೆ ಒಂದು ದಾಖಲೆ ಮನೆ ಕಟ್ಟಿತು. ಅಲ್ಲಿ ನನ್ನ ವಿವರ ತಿದ್ದಬೇಕಾದರೆ ಯಾವ ಗುಮಾಸ್ತನನ್ನೂ ಕಾಯಬೇಕಾಗಿಲ್ಲ. ನನ್ನ ಹತ್ತಿರ ಮಾತ್ರ ಇರುವ ಗುಟ್ಟಿನ ಕೀಲಿಯಿಂದ ಸಹಿ ಹಾಕಿ ಒಂದು ಇ-ಮೇಲು ಕಳಿಸಿದರೆ ಯಂತ್ರ ಸಹಿಯನ್ನು ಪರೀಕ್ಷಿಸಿ ತಾನೇ ತಿದ್ದುತ್ತದೆ. ನನ್ನ ಸಹಿ ಇದ್ದರೆ ನನ್ನ ಸಾಲು, ಇಲ್ಲದಿದ್ದರೆ ಯಾರೂ ಮುಟ್ಟುವ ಹಾಗಿಲ್ಲ. ಫೋನು, ಮನೆ ವಿಳಾಸ ಮುಂತಾದವು ಒಳಗಿನ ಸದಸ್ಯರಿಗೆ ಮಾತ್ರ ಕಾಣುತ್ತವೆ, ಬೀದಿಗೆ ಕಾಣುವುದಿಲ್ಲ. ನೋಡಿ, ಇದು ಆಗದ ಕೆಲಸವೇನೂ ಆಗಿರಲಿಲ್ಲ. ಮನಸ್ಸು ಮಾಡಿದವರು ಮಾಡಿ ತೋರಿಸಿದರು.

ಇಲ್ಲಿ ನಮ್ಮ ಕನ್ನಡದ ಮಾತು ಬರುತ್ತದೆ. ಓಪನ್ ಸೋರ್ಸ್ ತಂತ್ರಾಂಶಗಳನ್ನು ಕನ್ನಡಕ್ಕೆ ತಂದವರು ಇದ್ದಾರೆ. ‘ಫೈಲ್’ ಅನ್ನೋದಕ್ಕೆ ಕಡತ, ‘ಸೇವ್’ ಅನ್ನೋದಕ್ಕೆ ಉಳಿಸು ಅಂತ ಒಂದೊಂದೇ ಸಾಲು ಅನುವಾದ ಮಾಡಿದವರು. ಆ ಅನುವಾದದ ಕಡತದ ತಲೆಯಲ್ಲಿ ‘ಕೊನೆಯ ಅನುವಾದಕ’ ಅಂತ ಒಂದು ಸಾಲು ಇರುತ್ತದೆ. ಹೆಸರೇ ಹೇಳುವ ಹಾಗೆ ಅಲ್ಲಿ ನಿಲ್ಲೋದು ಕೊನೆಗೆ ಮುಟ್ಟಿದವರ ಹೆಸರು. ಹತ್ತು ಜನ ಉತ್ತ ಹೊಲದಲ್ಲಿ ಕೊನೆಯ ಸಾಲು ಹೊಡೆದವನ ಹೆಸರು! ಇದನ್ನು ಕಂಡೇ ಏನೋ, 1997ರಲ್ಲಿ ಶುರುವಾದ ‘ಗ್ನೋಮ್’ ಬಳಗದ ತಂತ್ರಾಂಶಗಳಲ್ಲಿ ಒಂದು ಒಳ್ಳೆಯ ಉಪಾಯ ಇದೆ. ಅನುವಾದ ಮಾಡಬೇಕಾದ ಸಾಲುಗಳ ನಡುವೆಯೇ ‘ಅನುವಾದಕರ ಹೆಸರು’ ಎಂಬ ಒಂದು ಸಾಲನ್ನೂ ಇಟ್ಟರು. ಅದನ್ನು ಅನುವಾದಕರೇ ತುಂಬಬೇಕು. ತಮ್ಮ ಹೆಸರನ್ನು ತಮಗೆ ಬೇಕಾದ ಹಾಗೆ, ಬೇಕಾದ ಲಿಪಿಯಲ್ಲಿ. ಕನ್ನಡದಲ್ಲಿ ಆ ತಂತ್ರಾಂಶ ತೆರೆದವನಿಗೆ ಕನ್ನಡ ಮಾಡಿದವರ ಹೆಸರುಗಳೇ ಕಾಣುತ್ತವೆ. ಬರೆಯುವ ಕೈ ದುಡಿದವರ ಕೈಯೇ ಆಯಿತು.

ಆದರೆ ದೊಡ್ಡ ಹೊಳೆ ಹರಿದದ್ದು ಬೇರೆ ದಿಕ್ಕಿಗೆ.

2003ರ ಮಾರ್ಚ್‌ನಲ್ಲಿ ಎಸ್‌ಸಿಓ ಎಂಬ ಕಂಪನಿ ಐಬಿಎಂ ಮೇಲೆ ದಾವೆ ಹೂಡಿತು. ತನ್ನ ಹಕ್ಕಿನ ಬರಹ ಲಿನಕ್ಸಿನೊಳಗೆ ಸೇರಿದೆ ಎಂದು ತಕರಾರು ತೆಗೆಯಿತು. ಯಾವ ಸಾಲು ಯಾರು ಬರೆದರು ಅಂತ ಕೋರ್ಟಿನಲ್ಲಿ ತೋರಿಸಬೇಕಾದ ಕಾಲ ಬಂತು. ಅದಕ್ಕೇ 2004ರಲ್ಲಿ ಟೋರ್ವಾಲ್ಡ್ಸ್ ಒಂದು ನಿಯಮ ತಂದ. ಬರಹ ಕಳಿಸುವವನು ‘ಇದನ್ನು ಕೊಡಲು ನನಗೆ ಹಕ್ಕಿದೆ’ ಎಂದು ಹೆಸರು ಬರೆದು ಸಹಿ ಮಾಡಬೇಕು. ನಿಯಮದ ಪುಸ್ತಕದಲ್ಲಿ ‘ನಿಜವಾದ ಹೆಸರು’ ಬೇಕು, ಅಡ್ಡಹೆಸರು ನಡೆಯೋದಿಲ್ಲ ಎಂದು ಬರೆದರು. ನಿಜವಾದ ಹೆಸರು ಅಂದರೆ ಯಾವುದು ಸ್ವಾಮಿ? ಅಪ್ಪ ಇಟ್ಟಿದ್ದೋ, ಸರ್ಕಾರ ಬರೆದಿದ್ದೋ, ನಾನು ಆರಿಸಿಕೊಂಡಿದ್ದೋ? ಈ ಪ್ರಶ್ನೆಗೆ ಉತ್ತರ ಬರೋದಕ್ಕೆ ಎಷ್ಟೋ ವರ್ಷ ಬೇಕಾಯಿತು. 2023ರಲ್ಲಿ ಆ ಮಾತನ್ನು ತಿದ್ದಿ ‘ಗೊತ್ತಿರುವ ಗುರುತು’ ಇದ್ದರೆ ಸಾಕು ಎಂದರು. ಬಳಗದಲ್ಲಿ ಯಾವ ಹೆಸರಿನಿಂದ ನಿನ್ನನ್ನು ಬಲ್ಲರೋ ಅದೇ ನಿನ್ನ ಹೆಸರು. ಅನಾಮಿಕನಿಗೆ ಮಾತ್ರ ಜಾಗವಿಲ್ಲ.

ಈ ನಡುವೆ 2005ರ ಏಪ್ರಿಲ್‌ನಲ್ಲಿ ‘ಗಿಟ್’ ಬಂತು. ಇವತ್ತು ಓಪನ್ ಸೋರ್ಸ್ ಕೆಲಸದ ಬಹುಪಾಲು ಲೆಕ್ಕ ಇಡುವುದು ಈ ಗಿಟ್ ಎಂಬ ಕಡತವೇ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ತಿಳಿಯೋಣ. ಒಬ್ಬ ಒಂದು ತಿದ್ದುಪಡಿ ಮಾಡಿದ ಕೂಡಲೇ ಗಿಟ್ ಅವನ ಹೆಸರು, ಇ-ಮೇಲು, ಹೊತ್ತು, ಬರಹ ಎಲ್ಲವನ್ನೂ ಸೇರಿಸಿ ಅದಕ್ಕೆ ನಲವತ್ತು ಅಕ್ಷರದ ಒಂದು ಮುದ್ರೆ ಒತ್ತುತ್ತದೆ. ಮುಂದಿನ ತಿದ್ದುಪಡಿಯ ಮುದ್ರೆಯೊಳಗೆ ಹಿಂದಿನ ಮುದ್ರೆಯೂ ಸೇರಿರುತ್ತದೆ. ಸರಪಳಿಯ ಹಾಗೆ ಕೊಂಡಿಗೆ ಕೊಂಡಿ. ನಡುವೆ ಒಂದು ಅಕ್ಷರ ಬದಲಾಯಿಸಿದರೂ ಅಲ್ಲಿಂದಾಚೆಗಿನ ಮುದ್ರೆಗಳೆಲ್ಲ ಬೇರೆಯಾಗುತ್ತವೆ, ಕಳ್ಳತನ ಕೂಡಲೇ ಗೊತ್ತಾಗುತ್ತದೆ. ಕಳ್ಳರನ್ನು ಹಿಡಿಯಲು ಇದು ಬಹಳ ಒಳ್ಳೆಯದು. ಆದರೆ ಅದೇ ಸರಪಳಿಗೆ ಮನುಷ್ಯನ ಹೆಸರನ್ನೂ ಸೇರಿಸಿ ಬೆಸುಗೆ ಹಾಕಿಬಿಟ್ಟರು. ಹತ್ತೊಂಬತ್ತನೇ ವಯಸ್ಸಿನಲ್ಲಿ ತಿಳಿಯದೆ ಬರೆದ ಹೆಸರು ಸಾಯೋತನಕ ಅಲ್ಲೇ.

ಯಾರಿಗೆ ಇದರಿಂದ ನೋವು? ಹುಟ್ಟಿದ ಹೆಸರಿನಲ್ಲೇ, ಒಂದೇ ಊರಲ್ಲಿ, ಭಯವಿಲ್ಲದೆ ಬದುಕೋರಿಗೆ ಏನೂ ಇಲ್ಲ. ಗಂಡನ ಮನೆ ಹೆಸರನ್ನು ಬಿಟ್ಟ ಹೆಣ್ಣಿಗೆ ನೋವು. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬೇರೆ ಊರಲ್ಲಿ ಬದುಕು ಕಟ್ಟಿದವಳಿಗೆ ಭಯ. ಲಿಂಗತ್ವ ಅಲ್ಪಸಂಖ್ಯಾತರಿಗೆ ಹಳೆಯ ಹೆಸರು ದಿನಾ ಚುಚ್ಚುವ ಮುಳ್ಳು. ನಮ್ಮ ದೇಶದಲ್ಲಂತೂ ಹೆಸರಿನ ಬಾಲ ಹಿಡಿದೇ ಜಾತಿ ಹುಡುಕುತ್ತಾರೆ, ಬಾಲ ಇಲ್ಲದಿದ್ದರೆ ‘ಪೂರ್ತಿ ಹೆಸರು ಏನು?’ ಅಂತ ಕೇಳುತ್ತಾರೆ. ಆ ಬಾಲವನ್ನು ಕತ್ತರಿಸಿ ಎಸೆದವನಿಗೆ ಅದು ಮತ್ತೆ ಬಂದು ಅಂಟಿಕೊಂಡರೆ ಹೇಗಾಗಬೇಡ? ಇನ್ನು ಊರಿನ ಇನಿಶಿಯಲ್ಲು, ಅಪ್ಪನ ಇನಿಶಿಯಲ್ಲು, ಇಲ್ಲವೇ ಬರೀ ಒಂದೇ ಹೆಸರಿರುವ ನಮ್ಮ ಕನ್ನಡದವರಿಗೆ ‘ಮೊದಲ ಹೆಸರು, ಕೊನೆಯ ಹೆಸರು’ ಎಂಬ ಎರಡು ಚೌಕ ಕೊಟ್ಟು ತುಂಬು ಅನ್ನೋದೇ ಒಂದು ಹಿಂಸೆ.

ಗಿಟ್ ಕಟ್ಟಿದವರಿಗೆ ಈ ತೊಂದರೆ ಗೊತ್ತಾಗಲಿಲ್ಲ ಅಂತಲ್ಲ. ‘ಮೇಲ್‌ಮ್ಯಾಪ್’ ಎಂಬ ಇನ್ನೊಂದು ಕಡತ ಬಂತು. ‘ಈ ಹಳೆಯ ಹೆಸರು ಕಂಡಲ್ಲೆಲ್ಲ ಈ ಹೊಸ ಹೆಸರು ತೋರಿಸು’ ಎಂದು ಅದರಲ್ಲಿ ಬರೆಯಬಹುದು. ಸರಪಳಿ ಮುರಿಯುವುದಿಲ್ಲ, ತೋರಿಸುವಾಗ ಮಾತ್ರ ಹೆಸರು ಬದಲಾಗುತ್ತದೆ. 2019ರ ಆಗಸ್ಟಿನಲ್ಲಿ ಬಂದ ಗಿಟ್ 2.23ರಿಂದ ಚರಿತ್ರೆಯ ಪಟ್ಟಿ ತೆರೆದಾಗ ಇದನ್ನು ತಾನಾಗಿಯೇ ಪಾಲಿಸುವ ಹಾಗೆ ಮಾಡಿದರು. ಒಳ್ಳೆಯ ಹೆಜ್ಜೆಯೇ. ಆದರೆ ಎರಡು ಕುಂದು ಇವೆ. ಒಂದು, ಪ್ರತಿ ಯೋಜನೆಯ ಬಾಗಿಲಿಗೂ ಹೋಗಿ ‘ನನ್ನ ಹೆಸರು ತಿದ್ದಿ’ ಅಂತ ಬೇಡಬೇಕು. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಆ ಕಡತವೂ ಬಯಲಿನಲ್ಲೇ ಇರುತ್ತದೆ. ಅದರಲ್ಲಿ ಹೊಸ ಗುರುತಿನ ಪಕ್ಕದಲ್ಲೇ ಹಳೆಯ ಗುರುತು. ಯಾವುದನ್ನು ಮುಚ್ಚಬೇಕೋ ಅದಕ್ಕೇ ಬೋರ್ಡು ಹಾಕಿದ ಹಾಗೆ!

2008ರಲ್ಲಿ ‘ಗಿಟ್‌ಹಬ್’ ಬಂತು. ಗಿಟ್ ಕಡತಗಳನ್ನು ಇಟ್ಟುಕೊಳ್ಳಲು ಜಾಗ ಕೊಡುವ ಕಂಪನಿ. ಅಲ್ಲಿ ಪ್ರತಿಯೊಬ್ಬನಿಗೂ ಒಂದು ಪುಟ: ಹೆಸರು, ಫೋಟೋ, ಮಾಡಿದ ಕೆಲಸ. ನ್ಯಾಯವಾಗಿ ಹೇಳಬೇಕು ಅಂದರೆ ಇಲ್ಲಿ ಕೆಲವು ಹಕ್ಕು ದುಡಿದವನ ಕೈಗೆ ಬಂದವು. ನನ್ನ ಪುಟದ ಹೆಸರನ್ನು, ಚಿತ್ರವನ್ನು ನಾನೇ ಬದಲಾಯಿಸಬಹುದು. ನನ್ನ ಇ-ಮೇಲು ಕಾಣದ ಹಾಗೆ ಕಂಪನಿ ಕೊಡುವ ಮುಸುಕಿನ ವಿಳಾಸ ಬಳಸಬಹುದು. ಆದರೆ ಪುಟದ ಬೀಗದ ಕೈ ಯಾರ ಸೊಂಟದಲ್ಲಿದೆ? ಕಂಪನಿಯ ಸೊಂಟದಲ್ಲಿ. 2018ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. 2019ರ ಜುಲೈನಲ್ಲಿ ಅಮೆರಿಕದ ದಿಗ್ಬಂಧನದ ಕಾನೂನಿನಿಂದಾಗಿ ಇರಾನ್, ಸಿರಿಯಾ, ಕ್ರಿಮಿಯಾಗಳಲ್ಲಿದ್ದವರ ಖಾತೆಗಳಿಗೆ ಕಡಿವಾಣ ಬಿತ್ತು. ಇರಾನಿನವರಿಗೆ ಅದು ಸಡಿಲವಾದದ್ದು 2021ರ ಜನವರಿಯಲ್ಲಿ, ಅಮೆರಿಕ ಸರ್ಕಾರ ಪರವಾನಗಿ ಕೊಟ್ಟ ಮೇಲೆ. ಆ ಹುಡುಗರು ಮಾಡಿದ ತಪ್ಪೇನು? ಹುಟ್ಟಿದ ಊರು.

2024ರ ಅಕ್ಟೋಬರಿನಲ್ಲಿ ‘ವರ್ಡ್‌ಪ್ರೆಸ್’ ಬಳಗದಲ್ಲೂ ಇಂಥದ್ದೇ ಒಂದು ನಡೆಯಿತು. ದುಡಿಯುವವರು ಒಳಗೆ ಬರುವ ಬಾಗಿಲಲ್ಲೇ ಒಂದು ಚೌಕ ಇಟ್ಟು, ಇಂಥ ಕಂಪನಿಗೂ ನನಗೂ ಸಂಬಂಧವಿಲ್ಲ ಎಂದು ಗುರುತು ಹಾಕಿದರೇ ಪ್ರವೇಶ ಎಂದರು. ಇಬ್ಬರು ದೊಡ್ಡವರ ಜಗಳಕ್ಕೆ ಕೂಲಿಯವನು ಆಣೆ ಮಾಡಬೇಕು! ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯದ ಕೋರ್ಟು ಆ ಚೌಕವನ್ನು ತೆಗೆಯಿರಿ ಎಂದು ಆದೇಶ ಮಾಡಬೇಕಾಯಿತು.

ಬಯಲಿಗಿಟ್ಟ ಹೆಸರಿನಿಂದ ಏನಾಗುತ್ತದೆ ಎನ್ನುವುದಕ್ಕೆ ಲೆಕ್ಕವೂ ಇದೆ. 2017ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಗಿಟ್‌ಹಬ್‌ನಲ್ಲಿ ಯಾರ ತಿದ್ದುಪಡಿ ಒಪ್ಪಿತವಾಗುತ್ತದೆ ಎಂದು ಎಣಿಸಿತು. ಹೊರಗಿನಿಂದ ಹೊಸದಾಗಿ ಬಂದ ಹೆಂಗಸರ ತಿದ್ದುಪಡಿಗಳು, ಅವರು ಹೆಂಗಸರೆಂದು ಗೊತ್ತಾಗದಿದ್ದಾಗ ನೂರಕ್ಕೆ 71.8ರಷ್ಟು ಒಪ್ಪಿತವಾದವು. ಗೊತ್ತಾದಾಗ 62.5ಕ್ಕೆ ಇಳಿದವು. ಗಂಡಸರದ್ದೂ ಇಳಿಯಿತು, ಆದರೆ ಅಷ್ಟು ಇಳಿಯಲಿಲ್ಲ. ಕೆಲಸ ಅದೇ, ಬುದ್ಧಿ ಅದೇ. ಹೆಸರು ಕಂಡ ಕೂಡಲೇ ತಕ್ಕಡಿ ವಾಲಿತು. ಈ ಮಾತು ನಮಗೆ ಹೊಸದಲ್ಲ. ಇನ್ನೊಂದು ಸೂಕ್ಷ್ಮ ನೋಡಿ. ಆ ಸಂಶೋಧಕರಿಗೆ ಯಾರು ಹೆಣ್ಣು ಯಾರು ಗಂಡು ಅಂತ ಗೊತ್ತಾದದ್ದು ಹೇಗೆ? ಇ-ಮೇಲ್ ವಿಳಾಸ ಹಿಡಿದು ಗೂಗಲ್ ಪ್ಲಸ್ ಎಂಬ ಇನ್ನೊಂದು ಜಾಗದ ಪುಟಗಳಿಗೆ ಹೋಗಿ ಹೊಂದಿಸಿ ನೋಡಿದರು. ಹತ್ತು ಲಕ್ಷಕ್ಕೂ ಮೀರಿದ ಜನರನ್ನು ಹೀಗೆ ಹೊಂದಿಸಿದರು. ಒಳ್ಳೆಯ ಉದ್ದೇಶದವರೇ ಇಷ್ಟು ಸುಲಭವಾಗಿ ಹುಡುಕಬಲ್ಲರು ಅಂದ ಮೇಲೆ ಕೆಟ್ಟ ಉದ್ದೇಶದವರಿಗೆ ಎಷ್ಟು ಹೊತ್ತು?

ಈಗ ಎದುರು ಮಾತು ಕೇಳೋಣ. ಅದನ್ನು ಕೇಳದೆ ಮುಂದೆ ಹೋಗೋದು ಮೋಸ.

ಮೊದಲನೆಯ ಮಾತು: ‘ಎಲ್ಲರೂ ತಮ್ಮ ಹೆಸರು ತಾವೇ ಬರೆದುಕೊಂಡರೆ ಕಳ್ಳರು ನುಗ್ಗೋದಿಲ್ಲವೇ?’ ನುಗ್ಗಿದ್ದಾರೆ. 2024ರ ಮಾರ್ಚ್ 29ರಂದು ‘ಎಕ್ಸ್‌ಜೆಡ್’ ಎಂಬ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಇಟ್ಟದ್ದು ಬಯಲಾಯಿತು. ಇಟ್ಟವನು ‘ಜಿಯಾ ಟ್ಯಾನ್’ ಎಂಬ ಹೆಸರಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಪ್ರಾಮಾಣಿಕನಂತೆ ದುಡಿದು ವಿಶ್ವಾಸ ಗಳಿಸಿದ್ದ. ಹಾಗಾದರೆ ಪ್ರತಿಯೊಬ್ಬರೂ ಸರ್ಕಾರದ ಗುರುತು ಚೀಟಿ ತೋರಿಸಬೇಕೆ? ಯೋಚನೆ ಮಾಡಿ. ಅಷ್ಟು ತಾಳ್ಮೆಯಿಂದ ಹೊಂಚು ಹಾಕುವವನಿಗೆ ಒಂದು ಸುಳ್ಳು ಚೀಟಿ ಮಾಡಿಸೋದು ಕಷ್ಟವೇ? ಚೀಟಿ ಇಲ್ಲದೆ ಹೊರಗೆ ಉಳಿಯೋನು ನಮ್ಮ ಹುಡುಗ. ಕಳ್ಳನನ್ನು ಹಿಡಿದದ್ದು ಹೆಸರಿನ ಪರೀಕ್ಷೆಯಲ್ಲ. ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್ ತನ್ನ ಕಂಪ್ಯೂಟರಿಗೆ ಪ್ರವೇಶ ಅರ್ಧ ಸೆಕೆಂಡು ನಿಧಾನವಾಯಿತಲ್ಲ ಎಂದು ಬೆನ್ನು ಹತ್ತಿ ಹೋದ. ಬರಹ ಬಯಲಿನಲ್ಲಿ ಇದ್ದದ್ದರಿಂದ ಸಿಕ್ಕಿಬಿದ್ದಿತು. ಬಯಲಿಗೆ ಇಡಬೇಕಾದದ್ದು ಕೆಲಸವನ್ನು. ಕೆಲಸದವನ ಮನೆ ಬಾಗಿಲನ್ನಲ್ಲ.

ಎರಡನೆಯ ಮಾತು ನಮ್ಮ ಎದೆಗೇ ಬಂದು ನಾಟುವಂಥದ್ದು. ‘ನಿಮ್ಮವರ ಹೆಸರನ್ನು ಚರಿತ್ರೆಯಿಂದ ಅಳಿಸಿದರು ಅಂತ ಕೂಗೋರು ನೀವೇ. ಈಗ ಹೆಸರು ತಿದ್ದುವ, ಅಳಿಸುವ ಹಕ್ಕು ಕೇಳೋರೂ ನೀವೇ. ಇದೇನು ನ್ಯಾಯ?’ ಸರಿಯಾದ ಪ್ರಶ್ನೆ. ಗುಡಿ ಕಟ್ಟಿದವನ ಹೆಸರಿಲ್ಲ, ಕೆರೆ ತೋಡಿದವನ ಹೆಸರಿಲ್ಲ, ಕಟ್ಟಿಸಿದವನ ಹೆಸರು ಮಾತ್ರ ಕಲ್ಲಿನಲ್ಲಿದೆ. ಈ ಸಿಟ್ಟು ನಮಗೆ ಇದ್ದೇ ಇದೆ. ಆದರೆ ಯಾರು ಅಳಿಸಿದರು ಎಂಬುದರಲ್ಲಿ ವ್ಯತ್ಯಾಸ ಇದೆ. ಕೆರೆ ತೋಡಿದವನು ತನ್ನ ಹೆಸರು ಬೇಡ ಅಂದಿರಲಿಲ್ಲ, ಅವನನ್ನು ಯಾರೂ ಕೇಳಲೇ ಇಲ್ಲ. ಕೇಳದೆ ಅಳಿಸುವುದೂ ಯಜಮಾನಿಕೆ, ಕೇಳದೆ ಕೆತ್ತುವುದೂ ಯಜಮಾನಿಕೆ. ನಮ್ಮ ಬೇಡಿಕೆ ಒಂದೇ: ಕೇಳಿ. ಕೆಲಸದ ಲೆಕ್ಕ ಹಾಗೇ ಉಳಿಯಲಿ, ಒಂದು ಸಾಲೂ ಕಳೆಯದಿರಲಿ. ಆ ಲೆಕ್ಕದ ಎದುರಿಗೆ ಯಾವ ಹೆಸರು ಕಾಣಬೇಕು ಎನ್ನುವುದನ್ನು ದುಡಿದವನು ಹೇಳಲಿ.

ಇದು ಆಗುವ ಕೆಲಸವೇ. ವಿದ್ವಾಂಸರಿಗಾಗಿ 2012ರಲ್ಲಿ ಶುರುವಾದ ‘ಆರ್ಕಿಡ್’ ಎಂಬ ವ್ಯವಸ್ಥೆಯಲ್ಲಿ ಪ್ರತಿಯೊಬ್ಬನಿಗೂ ಹದಿನಾರು ಅಂಕೆಯ ಒಂದು ಗುರುತು ಕೊಡುತ್ತಾರೆ. ಅಂಕೆ ಬದಲಾಗುವುದಿಲ್ಲ. ಅದರ ಮುಂದಿನ ಹೆಸರು, ವಿವರ, ಯಾರಿಗೆ ಎಷ್ಟು ಕಾಣಬೇಕು ಎನ್ನುವುದು ಅವನ ಇಚ್ಛೆ. ಲೆಕ್ಕದ ಸರಪಳಿಗೆ ಅಂಕೆಯನ್ನು ಕಟ್ಟಿ, ಹೆಸರನ್ನು ಮನುಷ್ಯನ ಕೈಯಲ್ಲಿ ಬಿಟ್ಟರೆ ಮುದ್ರೆಯೂ ಮುರಿಯದು, ಮನುಷ್ಯನೂ ನೋಯನು.

ಕಾನೂನು ಎಷ್ಟು ದೂರ ಬಂದಿದೆ? ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಯಾದ ನಿಯಮದಲ್ಲಿ ತನ್ನ ಮಾಹಿತಿಯನ್ನು ತಿದ್ದಿಸುವ, ಅಳಿಸುವ ಹಕ್ಕು ಬರೆದಿದೆ. ನಮ್ಮಲ್ಲಿ 2014ರಲ್ಲಿ ಸುಪ್ರೀಂ ಕೋರ್ಟು ತನ್ನ ಲಿಂಗತ್ವವನ್ನು ತಾನೇ ಹೇಳಿಕೊಳ್ಳುವ ಹಕ್ಕು ಮನುಷ್ಯನಿಗಿದೆ ಎಂದು ತೀರ್ಪು ಕೊಟ್ಟಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯಲ್ಲೂ ತಿದ್ದುವ ಹಕ್ಕು ಇದೆ. ಆದರೆ ಅದೇ ಕಾಯ್ದೆ, ಒಬ್ಬನು ತಾನಾಗಿಯೇ ಬಹಿರಂಗಪಡಿಸಿದ ಮಾಹಿತಿಗೆ ತಾನು ಅನ್ವಯಿಸುವುದಿಲ್ಲ ಎಂದೂ ಹೇಳುತ್ತದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಗಿಟ್‌ನಲ್ಲಿ ಹೆಸರು ಬರೆದವನಿಗೆ ನಾಳೆ ‘ನೀನೇ ಬರೆದೆಯಲ್ಲ’ ಅನ್ನಬಹುದು. ಹಾಗಾಗಿ ಕಾನೂನಿನ ದಾರಿ ಕಾಯುತ್ತಾ ಕೂತರೆ ಆಗದು. ಬಳಗ ಕಟ್ಟುವಾಗಲೇ ನಿಯಮ ಬರೆಯಬೇಕು.

ಮೇಷ್ಟ್ರುಗಳೇ, ನಿಮ್ಮ ಶಾಲೆಯ ಕಂಪ್ಯೂಟರಿನ ಮುಂದೆ ಕೂರುವ ಮಕ್ಕಳಿಗೆ ಮೊದಲ ದಿನವೇ ಇದನ್ನು ಹೇಳಿ. ಗಿಟ್ ನಿನ್ನ ಹೆಸರು ಕೇಳುತ್ತದೆ. ಅವಸರಪಡಬೇಡ. ಯಾವ ಹೆಸರಿನಿಂದ ಲೋಕ ನಿನ್ನನ್ನು ಕರೆಯಬೇಕು ಎಂದು ಯೋಚಿಸಿ ಬರೆ. ಕನ್ನಡದಲ್ಲೂ ಬರೆಯಬಹುದು, ಅದು ತೆಗೆದುಕೊಳ್ಳುತ್ತದೆ. ಮನೆಯ ಇ-ಮೇಲು ಕೊಡಬೇಡ. ಅನುವಾದ ಮಾಡಿದರೆ ಹೆಸರಿನ ಸಾಲನ್ನು ಖಾಲಿ ಬಿಡಬೇಡ, ನಿನಗಿಂತ ಮೊದಲು ದುಡಿದವರ ಹೆಸರನ್ನು ಅಳಿಸಲೂ ಬೇಡ. ಮತ್ತು ಸಂಘ ಕಟ್ಟುವ ಗೆಳೆಯರೇ, ನಾವು ನಡೆಸುವ ಪತ್ರಿಕೆಯ ಚಂದಾದಾರರ ಪಟ್ಟಿ, ಸಂಘಟನೆಯ ಸದಸ್ಯರ ಪಟ್ಟಿ ಯಾರ ಕೈಯಲ್ಲಿದೆ, ಅದರಲ್ಲಿರುವ ತನ್ನ ಸಾಲನ್ನು ಸದಸ್ಯನೇ ನೋಡಬಲ್ಲನೆ, ತಿದ್ದಬಲ್ಲನೆ ಎಂದು ಈ ತಿಂಗಳ ಸಭೆಯಲ್ಲಿ ಕೇಳೋಣ. ಬೇರೆಯವರ ಕಡತದ ಮಾತು ಆಡೋದಕ್ಕೆ ಮುಂಚೆ ನಮ್ಮ ಕಡತ ತೆರೆಯೋಣ.